ಮೇಲೆ ನಿಂತವರು ಇಳಿಯಬಾರದು

ಬೆಳಗಿನ ಐದೂವರೆ. ಮೂರಂತಸ್ತಿನ ಹಾಸ್ಟೆಲಿನ ಹಿಂಬದಿಯ ಅಂಗಳದಲ್ಲಿ, ಬಟ್ಟೆ ಒಣಗಿಸುವ ತಂತಿಗಳ ಕೆಳಗೆ, ಒಬ್ಬ ಗಂಡಸು ಮತ್ತು ಒಬ್ಬ ಹೆಂಗಸು ಸುಮ್ಮನೆ ಕೂತಿದ್ದಾರೆ. ಇಬ್ಬರ ನಡುವೆ ನೆಲದಲ್ಲಿ ಒಂದು ಚೌಕದ ಬಾಯಿ. ಅದರ ಕಬ್ಬಿಣದ ಮುಚ್ಚಳವನ್ನು ಹಾರೆ ಹಾಕಿ ಎಬ್ಬಿಸಿ ಪಕ್ಕಕ್ಕೆ ಸರಿಸಿ ಆಗಲೇ ಇಪ್ಪತ್ತು ನಿಮಿಷವಾಗಿದೆ. ಕೆಲಸ ಶುರುವಾದ ಲಕ್ಷಣವೇ ಇಲ್ಲ. ಹಲ್ಲುಜ್ಜುತ್ತಾ ಬಾಲ್ಕನಿಗೆ ಬಂದವರೊಬ್ಬರು ಬಗ್ಗಿ ನೋಡಿ, "ಏನ್ರೀ, ಗುಂಡಿ ಎಲ್ಲಾದ್ರೂ ಓಡಿಹೋಗುತ್ತೆ ಅಂತ ಕಾಯ್ತಿದ್ದೀರಾ?" ಎಂದು ಕೇಳಿ ತಮ್ಮ ಮಾತಿಗೆ ತಾವೇ ನಗುತ್ತಾರೆ.

"ಕಾಯೋದೇ ಕೆಲಸ ಸ್ವಾಮಿ. ತೊಳೆಯೋದು ಆಮೇಲೆ," ಎನ್ನುತ್ತಾರೆ ಕೆಳಗೆ ಕೂತವರು, ತಲೆಯನ್ನೂ ಎತ್ತದೆ.

ಸುತ್ತಲಿನ ನಾಲ್ಕಾರು ಬೀದಿಗಳಲ್ಲಿ ಇವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮಾತು ಮಾತಿಗೂ 'ತಾಳಿ, ತಾಳಿ' ಎನ್ನುವುದರಿಂದ ತಾಳಪ್ಪ. ನೆಲದಡಿಯ ನೀರಿನ ಸಂಪ್ ತೊಳೆಯುವುದು ಇವರ ಕಸುಬು. ವಯಸ್ಸು ಐವತ್ತಾರು. ಮೂವತ್ತೊಂದು ವರ್ಷದಿಂದ, ಊರು ಕುಡಿಯುವ ನೀರಿನ ತಳದಲ್ಲಿ ಮಂಡಿಯೂರಿ ಕೆಸರು ಬಾಚುತ್ತಿದ್ದಾರೆ. ನಲ್ಲಿ ತಿರುಗಿಸುವ ಕೈಗಳಿಗೆ ಇವರ ನೆನಪಾಗುವುದು ನೀರು ವಾಸನೆ ಹೊಡೆದಾಗ ಮಾತ್ರ. ತಾಳಿದವನು ಬಾಳಿಯಾನು ಎಂಬ ಗಾದೆಯನ್ನು ಜನ ಇವರಿಗೆ ತಮಾಷೆಗೆ ಹೇಳುತ್ತಾರೆ. ಇವರು ಅದನ್ನು ಪ್ರತಿದಿನ ಬೆಳಗ್ಗೆ ಗಡಿಯಾರ ಹಿಡಿದು ಪಾಲಿಸುತ್ತಾರೆ.

ಮುಚ್ಚಳ ತೆಗೆದು ಅರ್ಧ ಗಂಟೆ ಬಾಯಿ ಬಿಟ್ಟಿರಬೇಕು. ಆಮೇಲೆ ಗಾಳಿ ಊದುವ ಯಂತ್ರದ ಉದ್ದನೆಯ ಕೊಳವೆಯನ್ನು ತಳದವರೆಗೂ ಬಿಟ್ಟು ಕಾಲು ಗಂಟೆ ಓಡಿಸಬೇಕು, ಕೆಲಸ ಮುಗಿಯುವವರೆಗೂ ನಿಲ್ಲಿಸಬಾರದು. ಆಮೇಲೆ ತಗಡಿನ ಡಬ್ಬಿಯಲ್ಲಿಟ್ಟ ಸಣ್ಣ ಬತ್ತಿಯ ದೀಪವನ್ನು ತಂತಿ ಕಟ್ಟಿ ಇಳಿಸಿ ಐದು ನಿಮಿಷ ನೋಡಬೇಕು. "ದೀಪ ಆರಿದ್ರೆ ಇಳಿಯೋ ಮಾತೇ ಇಲ್ಲ. ಆರದಿದ್ರೂ ಪೂರ್ತಿ ನಂಬಬಾರದು. ದೀಪಕ್ಕೆ ಎಲ್ಲಾ ವಿಷ ಗೊತ್ತಾಗಲ್ಲ," ಎನ್ನುತ್ತಾರೆ ತಾಳಪ್ಪ. ಬಹಳ ದಿನ ಮುಚ್ಚಿಟ್ಟ ಸಂಪಿನಲ್ಲಿ ಗಾಳಿ ಕೆಟ್ಟಿರುತ್ತದೆ. ಅದಕ್ಕೆ ಬಣ್ಣವಿಲ್ಲ, ಕೆಲವೊಮ್ಮೆ ವಾಸನೆಯೂ ಇರುವುದಿಲ್ಲ. ಎರಡು ಉಸಿರು ಎಳೆದವರಿಗೆ ಮೂರನೆಯದು ಸಿಗದೇ ಹೋಗಬಹುದು.

ಹಾಸ್ಟೆಲಿನ ಮೇಲ್ವಿಚಾರಕರು ಬೀಗದ ಕೈ ಗೊಂಚಲು ಕುಣಿಸುತ್ತಾ ಎರಡನೇ ಸಲ ಬಂದು ನಿಲ್ಲುತ್ತಾರೆ. "ಎಂಟು ಗಂಟೆಗೆ ನೀರು ಬಿಡ್ಬೇಕು ಕಣ್ರೀ. ತೊಂಬತ್ತು ಜನ ಸ್ನಾನ ಮಾಡಿ ಕೆಲಸಕ್ಕೆ ಹೋಗೋರಿದ್ದಾರೆ."

"ತಾಳಿ ಸಾರ್. ನಾನು ಕೆಲಸಕ್ಕೆ ಬಂದಾಗಿದೆ, ಮನೆಗೂ ವಾಪಸ್ ಹೋಗ್ಬೇಕಲ್ಲ."

ದೀಪ ಉರಿಯುತ್ತಲೇ ಮೇಲೆ ಬರುತ್ತದೆ. ತಾಳಪ್ಪ ಎದೆಗೆ ಪಟ್ಟಿ ಬಿಗಿದುಕೊಂಡು, ಅದಕ್ಕೆ ಹಗ್ಗದ ಕೊಕ್ಕೆ ಸಿಕ್ಕಿಸುತ್ತಾರೆ. ಸಂಪಿನ ಬಾಯಿಯ ಮೇಲೆ ಮೂರು ಕಾಲಿನ ಕಬ್ಬಿಣದ ಸ್ಟ್ಯಾಂಡ್, ಅದರಲ್ಲಿ ರಾಟೆ, ಪಕ್ಕದಲ್ಲಿ ಹಗ್ಗ ಸುತ್ತುವ ಹಿಡಿ. ಹಿಡಿ ತಿರುಗಿಸಿದರೆ ಎಂತಹ ಸಣಕಲು ಕೈಯೂ ಒಬ್ಬ ಗಂಡಸನ್ನು ಮೇಲೆತ್ತಬಹುದು. ನಡುವೆ ಕೈಬಿಟ್ಟರೂ ಹಗ್ಗ ಜಾರದಂತೆ ಒಳಗೊಂದು ಹಲ್ಲು ಕಚ್ಚಿಕೊಳ್ಳುತ್ತದೆ. ಗುಜರಿ ಅಂಗಡಿಯಿಂದ ಸಾಮಾನು ಆಯ್ದು ತಂದು, ವೆಲ್ಡಿಂಗ್ ಅಂಗಡಿಯಲ್ಲಿ ಮೂರು ದಿನ ಕೂತು ಇದನ್ನು ಮಾಡಿಸಿದವರು ತಾಳಪ್ಪನವರೇ. ಕೆಟ್ಟ ಮೇಲೆ ಬುದ್ಧಿ ಬಂತು ಎಂದು ಅದನ್ನು ತೋರಿಸುವಾಗೆಲ್ಲ ತಮ್ಮನ್ನೇ ಹಂಗಿಸಿಕೊಳ್ಳುತ್ತಾರೆ.

ತುಕ್ಕು ಹಿಡಿದ ಹದಿನಾಲ್ಕು ಕಬ್ಬಿಣದ ಮೆಟ್ಟಿಲಿಳಿದು ಅವರು ಕಣ್ಮರೆಯಾಗುತ್ತಾರೆ. ಮೇಲಿನ ಹೆಂಗಸು ಒಂದು ಕೈಯನ್ನು ಹಿಡಿಯ ಮೇಲಿಟ್ಟು, ಇನ್ನೊಂದು ಕೈಯಲ್ಲಿ ಒಂದು ನುಣ್ಣನೆಯ ಕಲ್ಲು ತೆಗೆದುಕೊಳ್ಳುತ್ತಾರೆ. ಮನಸ್ಸಿನಲ್ಲೇ ಮೂವತ್ತರವರೆಗೆ ಎಣಿಸಿ, ಕಬ್ಬಿಣದ ಮುಚ್ಚಳಕ್ಕೆ ಎರಡು ಸಲ ಕುಟ್ಟುತ್ತಾರೆ. ಟಣ್, ಟಣ್.

"ಓ," ಎನ್ನುತ್ತದೆ ಕೆಳಗಿನ ದನಿ.

ಮತ್ತೆ ಮೂವತ್ತು. ಟಣ್, ಟಣ್. "ಓ."

ಎರಡು ಗಂಟೆಯ ಕೆಲಸದಲ್ಲಿ ಹೀಗೆ ಇನ್ನೂರು ಚಿಲ್ಲರೆ ಸಲ. ತಿಂಗಳಿಗೆ ಹದಿನೆಂಟೋ ಇಪ್ಪತ್ತೋ ಸಂಪುಗಳು. ಎಲ್ಲ ಕಡೆಯೂ ಮೇಲಿದ್ದವರು ಹೆಸರು ಹಿಡಿದು ಕೂಗುತ್ತಾರೆ, ಕೆಳಗಿದ್ದವರು ಓಗೊಡುತ್ತಾರೆ. ಇಲ್ಲಿ ಮಾತ್ರ ಕಲ್ಲು ಕೂಗುತ್ತದೆ. ಯಾಕೆ ಎಂದು ಕೇಳಿದರೆ ಆ ಹೆಂಗಸು, "ಬಾಯಿಗಿಂತ ಕಲ್ಲು ಗಟ್ಟಿ" ಎಂದಷ್ಟೇ ಹೇಳಿ ಎಣಿಕೆಗೆ ಮರಳುತ್ತಾರೆ. ಆಕೆ ತಾಳಪ್ಪನವರ ತಮ್ಮನ ಹೆಂಡತಿ. ಏಳು ವರ್ಷದಿಂದ ಅವರನ್ನು ಬಾಯ್ತುಂಬ ಕರೆದಿಲ್ಲ.

ಏಳು ವರ್ಷದ ಹಿಂದೆ ಅಣ್ಣ ತಮ್ಮ ಇಬ್ಬರೂ ಜೊತೆಯಾಗಿ ಈ ಕೆಲಸ ಮಾಡುತ್ತಿದ್ದರು. ತಮ್ಮ ಒಂಬತ್ತು ವರ್ಷ ಚಿಕ್ಕವನು, ಚುರುಕು, ಬಾಯಿ ಜೋರು. "ಅಣ್ಣ ಮುಚ್ಚಳದ ಮುಂದೆ ಧ್ಯಾನ ಮುಗಿಸೋದರೊಳಗೆ ನಾನು ಊಟ ಮುಗಿಸಿ ಕೈ ತೊಳೆದಿರ್ತೀನಿ" ಎಂದು ಎಲ್ಲರ ಮುಂದೆ ಅಣ್ಣನನ್ನು ಆಡಿಕೊಳ್ಳುತ್ತಿದ್ದ. ಅಣ್ಣನಿಗೂ ಅದು ಇಷ್ಟವೇ. ಮನೆಯಲ್ಲಿ ಒಬ್ಬ ಹಿಂದೆ ಮುಂದೆ ನೋಡುವವನಿದ್ದರೆ ಇನ್ನೊಬ್ಬ ಧೈರ್ಯವಾಗಿ ನುಗ್ಗಬಹುದು ಎಂದು ಇಬ್ಬರೂ ಅಂದುಕೊಂಡಿದ್ದರು.

ಅಂದು ಹೋಗಿದ್ದು ಆರು ತಿಂಗಳಿಂದ ಮುಚ್ಚಿದ್ದ ಒಂದು ಬಟ್ಟೆ ತೊಳೆಯುವ ಕಾರ್ಖಾನೆಗೆ. ಮುಚ್ಚಳ ತೆಗೆದು ಹತ್ತು ನಿಮಿಷವೂ ಆಗಿರಲಿಲ್ಲ. ಅಂಚಿನಲ್ಲಿಟ್ಟಿದ್ದ ಬಕೆಟ್ ತಮ್ಮನ ಕಾಲು ತಗುಲಿ ಒಳಗೆ ಬಿತ್ತು. ಪೂರ್ತಿ ಬೀಳದೆ, ಮೂರನೇ ಮೆಟ್ಟಿಲ ಪಕ್ಕದ ಪೈಪಿಗೆ ಸಿಕ್ಕಿ ನೇತಾಡಿತು. ಮೂರು ಮೆಟ್ಟಿಲಿಳಿದರೆ ಕೈಗೆ ಸಿಗುವಂತಿತ್ತು.

"ನಾನು ಆ ಕಡೆ ತಿರುಗಿ ದೀಪದ ಬತ್ತಿ ಸರಿ ಮಾಡ್ತಿದ್ದೆ," ಎನ್ನುತ್ತಾರೆ ತಾಳಪ್ಪ. "'ಬಕೆಟ್ ತಗೊಂಡ್ ಬರ್ತೀನಿ' ಅಂದ. 'ತಾಳೋ' ಅಂದೆ. ತಲೆ ಎತ್ತಿ ನೋಡ್ಲಿಲ್ಲ. ದಿನಾ ನೂರು ಸಲ ಹೇಳೋ ಮಾತು ಅದು. ಅವನಿಗೆ ಕೇಳಿ ಕೇಳಿ ಸವೆದು ಹೋಗಿತ್ತು, ನನಗೆ ಹೇಳಿ ಹೇಳಿ ಸವೆದು ಹೋಗಿತ್ತು."

ಮೊದಲು ಬಕೆಟ್ ಬಿದ್ದ ಸದ್ದು. ಆಮೇಲೆ ಅದಕ್ಕಿಂತ ದೊಡ್ಡ ಸದ್ದು.

ಈ ಕಸುಬಿನಲ್ಲಿ ಸಾವು ಒಂಟಿಯಾಗಿ ಬರುವುದು ಕಡಿಮೆ. ಒಬ್ಬ ಬೀಳುತ್ತಾನೆ. ಅವನನ್ನು ಎತ್ತಲು ಇನ್ನೊಬ್ಬ ಧುಮುಕುತ್ತಾನೆ. ಇಬ್ಬರನ್ನೂ ಎತ್ತಲು ಮೂರನೆಯವನು. ಮೊದಲನೆಯವನು ಬೀಳುವುದು ಆತುರದಿಂದ, ಉಳಿದವರು ಸಾಯುವುದು ಪ್ರೀತಿಯಿಂದ. ಅಪ್ಪ ಮಗ, ಅಣ್ಣ ತಮ್ಮ, ಗೆಳೆಯ ಗೆಳೆಯ. ಅದಕ್ಕೇ ಇಲ್ಲಿ ಇರುವುದು ಒಂದೇ ಕಾಯಿದೆ: ಮೇಲೆ ನಿಂತವರು ಇಳಿಯಬಾರದು. ತಾಳಪ್ಪ ಅದನ್ನು ತಮ್ಮನಿಗೆ ತಾವೇ ಕಲಿಸಿದ್ದರು. ಅಂದು ಅದನ್ನು ಪಾಲಿಸುವ ಸರದಿ ಅವರಿಗೇ ಬಂತು.

"ಎತ್ತಿದ ಕಾಲು ಮೆಟ್ಟಿಲ ಮೇಲೆ ಇಡೋದರಲ್ಲಿದ್ದೆ. ಹಿಂದಕ್ಕೆ ಇಟ್ಟೆ," ಎಂದು ನೆಲ ನೋಡುತ್ತಾ ಹೇಳುತ್ತಾರೆ. ರಸ್ತೆಗೆ ಓಡಿದರು. ಮೂಟೆ ಹೊರುವ ಇಬ್ಬರನ್ನು ಕರೆತಂದು, ಪಕ್ಕದ ಅಂಗಡಿಯಿಂದ ಹಗ್ಗವನ್ನೂ ದೊಡ್ಡ ಫ್ಯಾನನ್ನೂ ಎಳೆತಂದು, ಗಾಳಿ ಬಿಟ್ಟು, ಸೊಂಟಕ್ಕೆ ಹಗ್ಗ ಬಿಗಿದುಕೊಂಡು ಇಳಿದರು. ತಮ್ಮನನ್ನು ಮೇಲೆ ತರುವಷ್ಟರಲ್ಲಿ ಒಂಬತ್ತು ನಿಮಿಷವಾಗಿತ್ತು. ಕೂಡಲೇ ಇಳಿದಿದ್ದರೆ ಎರಡು ಹೆಣ ಎತ್ತಬೇಕಾಗುತ್ತಿತ್ತು ಎಂದು ಆಸ್ಪತ್ರೆಯ ವೈದ್ಯರು ಹೇಳಿದರು. ವೈದ್ಯರ ಮಾತು ಸರಿಯೇ. ಆದರೆ ಸರಿಯಾದ ಮಾತಿನಿಂದ ಯಾರಿಗೂ ಸಮಾಧಾನ ಸಿಗಲಿಲ್ಲ.

ಹೆಣದ ಮುಂದೆ ಕೂತಿದ್ದ ತಮ್ಮನ ಹೆಂಡತಿ ಇವರತ್ತ ತಿರುಗಿ ಕೇಳಿದ್ದು ಒಂದೇ ಪ್ರಶ್ನೆ. "ನಿಂತು ನೋಡ್ತಿದ್ರಾ, ಭಾವ?" ಆಕೆ ಅವರನ್ನು ಭಾವ ಎಂದು ಕರೆದದ್ದು ಅದೇ ಕೊನೆ.

"ಯೋಚನೆ ಮಾಡಿ ನಿಂತ್ಯೋ, ಹೆದರಿ ನಿಂತ್ಯೋ ಅಂತ ಬೇರೆಯವರೂ ಕೇಳ್ತಾರೆ. ಬಾಯಿ ಬಿಟ್ಟು ಕೇಳದವರು ಕಣ್ಣಲ್ಲಿ ಕೇಳ್ತಾರೆ," ಎನ್ನುತ್ತಾರೆ ತಾಳಪ್ಪ. "ನನಗೂ ಗೊತ್ತಿಲ್ಲ. ಎರಡಕ್ಕೂ ಕಾಲು ಒಂದೇ ತರ ಹಿಂದಕ್ಕೆ ಬರುತ್ತೆ."

ಒಂದು ವರ್ಷ ಅವರು ಯಾವ ಸಂಪಿಗೂ ಇಳಿಯಲಿಲ್ಲ. ಗೋದಾಮಿನ ಗೇಟು ಕಾದರು, ಬೇಸರವಾಗಿ ಬಿಟ್ಟರು. ಬರುವ ಕೆಲಸ ಇದೊಂದೇ. ಕೊನೆಗೆ ರಾಟೆ, ಹಗ್ಗ, ಗಾಳಿಯಂತ್ರ ಎಲ್ಲ ಸಿದ್ಧವಾಯಿತು. ಮೇಲೆ ನಿಲ್ಲುವವರು ಮಾತ್ರ ಸಿಗಲಿಲ್ಲ. ಜನಕ್ಕೇನೂ ಬರವಿರಲಿಲ್ಲ. ತಾಳಪ್ಪನವರ ಪರೀಕ್ಷೆಯಲ್ಲಿ ಯಾರೂ ಪಾಸಾಗುತ್ತಿರಲಿಲ್ಲ, ಅಷ್ಟೆ.

ಪರೀಕ್ಷೆ ಸುಲಭವಾಗಿತ್ತು. ತೊಳೆದು ಒಣಗಿಸಿದ ಸಂಪಿಗೆ ಇಳಿದು, ಮೇಲಿನವರು ಕೂಗಿದಾಗ ಬೇಕೆಂದೇ ಸುಮ್ಮನಿರುವುದು. ಹಿಡಿ ತಿರುಗಿಸಿ ಎತ್ತಿದರೆ ಪಾಸು, ಮೆಟ್ಟಿಲಿಗೆ ಕಾಲಿಟ್ಟರೆ ಫೇಲು. ಹಳೆಯ ಗೆಳೆಯನೊಬ್ಬ ಹಗ್ಗ ಹಿಡಿಯುವುದನ್ನು ಬಿಟ್ಟು ಇಡೀ ತಲೆಯನ್ನು ಒಳಗೆ ತೂರಿಸಿ ಕೂಗಿದ. ತಾಳಪ್ಪನವರ ಹೆಂಡತಿಯಂತೂ ಎರಡನೇ ಕೂಗಿಗೇ ನಾಲ್ಕು ಮೆಟ್ಟಿಲಿಳಿದು ಬಂದಿದ್ದರು, ಅದೂ ಮಂಡಿನೋವಿನ ಕಾಲಿನಲ್ಲಿ. ಗಂಡ ನಗುತ್ತಾ ಕೂತಿದ್ದು ಕಂಡು ಅಲ್ಲೇ ಬಾಯಿಗೆ ಬಂದಂತೆ ಬೈದು, ಎರಡು ದಿನ ಮುಖ ಕೊಟ್ಟು ಮಾತಾಡಲಿಲ್ಲವಂತೆ. "ಅವತ್ತು ತಿಳೀತು. ನನ್ನ ಮೇಲೆ ಜೀವ ಇಟ್ಕೊಂಡಿರೋರು ಮೇಲೆ ನಿಲ್ಲಬಾರದು. ಅವರು ಇಳಿದೇ ಇಳೀತಾರೆ. ಜೀವ ಇಟ್ಕೊಂಡಿರೋ ಕಡೆ ಯೋಚನೆ ನಿಲ್ಲಲ್ಲ."

ಹಾಗಾದರೆ ಯಾರು ಇಳಿಯುವುದಿಲ್ಲ? ಈ ಪ್ರಶ್ನೆಗೆ ಅವರಿಗೆ ಹೊಳೆದದ್ದು ಒಂದೇ ಮುಖ. ಮರುದಿನ ತಮ್ಮನ ಮನೆಯ ಬಾಗಿಲಿಗೆ ಹೋಗಿ ನಿಂತರು. ಹೊಲಿಗೆ ಯಂತ್ರದ ಮುಂದೆ ಕೂತಿದ್ದ ಆಕೆ ಎದ್ದು ಬರಲಿಲ್ಲ.

"ನಿಮ್ಮನ್ನ ಕಾಪಾಡೋಕೆ ನಾನೇ ಸಿಕ್ಕಿದ್ನಾ?"

"ಹೌದು. ನೀನಾದ್ರೆ ಇಳಿಯಲ್ಲ."

ಯಂತ್ರದ ಸದ್ದು ನಿಂತಿತು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಶುರುವಾಯಿತು. ಮೂರನೇ ದಿನ ಆಕೆ ಬಂದರು. ಪರೀಕ್ಷೆಯಲ್ಲಿ ಇವರು ಕೆಳಗೆ ಉಸಿರು ಬಿಗಿಹಿಡಿದು ಕೂತರೆ, ಆಕೆ ಎರಡು ಸಲ ಕುಟ್ಟಿ, ಉತ್ತರ ಬರದಿದ್ದಾಗ ಆತುರವಿಲ್ಲದೆ ಹಿಡಿ ತಿರುಗಿಸಿ ಮೂಟೆ ಎತ್ತಿದ ಹಾಗೆ ಎತ್ತಿ ನೆಲಕ್ಕೆ ಹಾಕಿದರು. ಬದುಕಿದ್ದಾರೋ ಸತ್ತಿದ್ದಾರೋ ಎಂದು ಬಗ್ಗಿಯೂ ನೋಡದೆ ನೀರು ಕುಡಿಯಲು ಹೋದರು. ನೂರಕ್ಕೆ ನೂರು ಅಂಕ.

ಅಂದಿನಿಂದ ಆರು ವರ್ಷ ಹೀಗೇ ನಡೆದಿದೆ. ಕೆಲಸಕ್ಕೆ ಬೇಕಾದಷ್ಟು ಮಾತು ಆಡುತ್ತಾರೆ: 'ಹಗ್ಗ', 'ಬಿಡಿ', 'ಸಾಕು'. ಬುತ್ತಿ ಬೇರೆ ಬೇರೆ ಕಡೆ ಕೂತು ಬಿಚ್ಚುತ್ತಾರೆ. ಯಾಕೆ ಬಂದಿರಿ ಎಂದು ಕೇಳಿದರೆ ಆಕೆ ಕೈಯಲ್ಲಿನ ಕಲ್ಲನ್ನು ತಿರುಗಿಸುತ್ತಾ, "ಹೊಲಿಗೆಯಲ್ಲಿ ಕಣ್ಣು ಹೋಗ್ತಿತ್ತು" ಎನ್ನುತ್ತಾರೆ. ಮತ್ತೊಮ್ಮೆ ಮೂವತ್ತು ಎಣಿಸಿ ಕುಟ್ಟಿದ ಮೇಲೆ, "ದಿನಾ ಅವರು ಕೆಳಗಿಂದ ಓ ಅನ್ನೋದು ಕೇಳ್ಬೇಕಿತ್ತು. ನನ್ನ ಗಂಡ ಅನ್ನಲಿಲ್ಲವಲ್ಲ" ಎನ್ನುತ್ತಾರೆ. ಅದು ಸಿಟ್ಟೋ ಸಂಕಟವೋ ಕೇಳಿದವರಿಗೆ ತಿಳಿಯುವುದಿಲ್ಲ.

ಏಳೂ ಇಪ್ಪತ್ತು. ಸಂಪಿನ ಒಂದು ಭಾಗ ಮುಗಿದಿದೆ. ಎರಡನೆಯದರಲ್ಲಿ, ಮೂಲೆಯಲ್ಲಿ ವರ್ಷಗಳಿಂದ ಕೊಳೆತ ಕೆಸರು ಮೊಣಕಾಲುದ್ದ ಕೂತಿದೆ. ತಾಳಪ್ಪ ಬಾಚಿ ತುಂಬಿಸುತ್ತಿದ್ದಾರೆ, ಬಕೆಟ್ ಸಣ್ಣ ಹಗ್ಗದಲ್ಲಿ ಮೇಲೆ ಬಂದು ಹೋಗುತ್ತಿದೆ. ಅಷ್ಟರಲ್ಲಿ ಗಾಳಿಯಂತ್ರದ ಗುಂಯ್ ಸದ್ದು ಒಮ್ಮೆಲೇ ನಿಲ್ಲುತ್ತದೆ.

ಕರೆಂಟು ಹೋಗಿರುವುದಿಲ್ಲ. ನೆಲ ಅಂತಸ್ತಿನ ಕಿಟಕಿಯೊಳಗಿಂದ ಎಳೆದಿದ್ದ ಯಂತ್ರದ ಪ್ಲಗ್ಗನ್ನು ಯಾರೋ ಒಬ್ಬರು ಕಿತ್ತು, ಅದೇ ಜಾಗಕ್ಕೆ ಇಸ್ತ್ರಿ ಪೆಟ್ಟಿಗೆಯದನ್ನು ಸಿಕ್ಕಿಸಿದ್ದಾರೆ. ಅವರಿಗೆ ಎಂಟಕ್ಕೆ ಸಂದರ್ಶನವಂತೆ, ಅಂಗಿ ಮುದುಡಿತ್ತಂತೆ. ಆ ವೈರು ಎಲ್ಲಿಗೆ ಹೋಗುತ್ತದೆ ಎಂದು ಕಿಟಕಿಯಿಂದ ಒಮ್ಮೆ ಹೊರಗೆ ನೋಡಿದ್ದರೆ ಸಾಕಿತ್ತು.

ಮೇಲೆ ಆಕೆ ಎಣಿಕೆಯನ್ನು ಅರ್ಧಕ್ಕೇ ಬಿಟ್ಟು ಕುಟ್ಟುತ್ತಾರೆ. ಟಣ್, ಟಣ್.

ಸದ್ದಿಲ್ಲ.

ಮತ್ತೆ ಕುಟ್ಟುತ್ತಾರೆ. ಕಲ್ಲು ಕೈಯಿಂದ ಜಾರಿ ಸಿಮೆಂಟಿನ ಮೇಲೆ ಉರುಳುತ್ತದೆ. ಒಂದೆರಡು ಕ್ಷಣದ ಮೇಲೆ ಹಿಡಿ ತಿರುಗತೊಡಗುತ್ತದೆ. ಹಗ್ಗ ಬಿಗಿಯುತ್ತದೆ, ರಾಟೆ ಕಿರುಗುಟ್ಟುತ್ತದೆ, ಮೊದಲು ಬಾಗಿದ ತಲೆ, ಆಮೇಲೆ ಕೆಸರು ಮೆತ್ತಿದ ಹೆಗಲು. ಬಟ್ಟೆ ಎತ್ತಲು ಬಂದಿದ್ದ ಅಡುಗೆಯಾತ ಓಡಿಬಂದು ಕೈಕೊಡುತ್ತಾನೆ. ಇಬ್ಬರೂ ಸೇರಿ ಎಳೆದು ಅಂಗಳದಲ್ಲಿ ಮಲಗಿಸುತ್ತಾರೆ. ನಾಲ್ಕನೇ ಉಸಿರಿಗೆ ತಾಳಪ್ಪ ಕೆಮ್ಮುತ್ತಾರೆ. ಕಣ್ಣು ಬಿಡುತ್ತಾರೆ. ವಾಂತಿ ಮಾಡಿಕೊಂಡು ಮತ್ತೆ ಮಲಗುತ್ತಾರೆ.

"ಯಂತ್ರ ನಿಂತಿದ್ದು ಕೇಳಿಸ್ತು," ಎನ್ನುತ್ತಾರೆ ಮಾತು ಬಂದ ಮೇಲೆ. "ಬಕೆಟ್ ಅರ್ಧ ತುಂಬಿತ್ತು. ಇದೊಂದು ತುಂಬಿಸಿ ಹತ್ತೋಣ ಅಂದ್ಕೊಂಡೆ." ಆ ಮಾತು ಆಡಿದ ಮೇಲೆ ಅದು ಯಾರ ಮಾತು ಎಂದು ಅವರಿಗೇ ಹೊಳೆಯುತ್ತದೆ. ಮೂವತ್ತೊಂದು ವರ್ಷ ತಾಳಿದವರು, ಅಂದು ತಮ್ಮನು ಮುಗ್ಗರಿಸಿದಂಥ ಬಕೆಟ್ಟಿಗೇ ಮುಗ್ಗರಿಸಿದ್ದಾರೆ. ಹಗಲು ಕಂಡ ಬಾವಿಗೆ ಇರುಳು ಬಿದ್ದ ಹಾಗೆ.

ಆಕೆ ನೀರು ತರಲು ತಿರುಗುತ್ತಾರೆ. ನೆಲಕ್ಕೆ ಕೆನ್ನೆಯಿಟ್ಟು ಮಲಗಿದವರ ಕಣ್ಣಿಗೆ ಆಕೆಯ ಪಾದಗಳು ಬೀಳುತ್ತವೆ. ಎಡಗಾಲಿನಲ್ಲಿ ಚಪ್ಪಲಿಯಿದೆ, ಬಲಗಾಲಿನಲ್ಲಿಲ್ಲ. ಹೆಜ್ಜೆ ಎತ್ತಿದಾಗ ಬಲ ಅಂಗಾಲಿನಲ್ಲಿ ಅಡ್ಡಕ್ಕೆ ಒಂದು ಕೆಂಪು ಗೆರೆ ಕಾಣುತ್ತದೆ. ತುಕ್ಕಿನ ಗೆರೆ. ಈ ಅಂಗಳದಲ್ಲಿ ಹಾಗೆ ಗೆರೆ ಮೂಡಿಸುವ ಕಬ್ಬಿಣ ಇರುವುದು ಸಂಪಿನ ಒಳಗೆ ಮಾತ್ರ.

"ಕಾಲಿಗೇನದು?"

ಆಕೆ ಲೋಟಕ್ಕೆ ನೀರು ಬಗ್ಗಿಸುತ್ತಾರೆ.

"ಮೆಟ್ಟಿಲಿಗೆ ಕಾಲಿಟ್ಟೆಯಾ?"

ಆಕೆ ಲೋಟ ಹಿಡಿದು ನಿಲ್ಲುತ್ತಾರೆ. "ಒಂದೇ ಮೆಟ್ಟಿಲು, ಭಾವ."

ಏಳು ವರ್ಷದ ಮೇಲೆ ಬಂದ ಆ ಕರೆಗೆ ತಾಳಪ್ಪ ಓಗೊಡಬೇಕಿತ್ತು. ಅವರ ಬಾಯಿಂದ ಬರುವುದು ಬೇರೆಯೇ. "ನಿನ್ನ ಗಂಡ ಇಳಿದಿದ್ದೂ ಮೂರೇ ಮೆಟ್ಟಿಲು."

"ಕಾಲಿಟ್ಟ ಮೇಲೆ ನೆನಪಾಯ್ತು. ವಾಪಸ್ ಬಂದು ಹಿಡಿ ತಿರುಗಿಸಿದೆ."

"ನೆನಪಾಗದಿದ್ರೆ?"

ಆಕೆ ಲೋಟವನ್ನು ಅವರ ಕೈಗೆ ಕೊಟ್ಟು, ಬೆನ್ನು ಹಾಕಿ ಕೂರುತ್ತಾರೆ. ಸೆರಗಿನಲ್ಲಿ ಅಂಗಾಲು ಒರೆಸಿಕೊಳ್ಳುತ್ತಾರೆ. ತುಕ್ಕು ಸುಲಭಕ್ಕೆ ಹೋಗುವುದಿಲ್ಲ. "ಕಾಲು ಹಿಂದಕ್ಕೆ ಇಡೋದು ಎಷ್ಟು ಕಷ್ಟ ಅಂತ ಇವತ್ತು ಗೊತ್ತಾಯ್ತು," ಎನ್ನುತ್ತಾರೆ, ಅವರಿಗೋ ತಮಗೋ. ಆಮೇಲೆ ಇಬ್ಬರೂ ಅಳುತ್ತಾರೆ. ಒಬ್ಬರು ಮಲಗಿಕೊಂಡು, ಒಬ್ಬರು ಬೆನ್ನು ತಿರುಗಿಸಿಕೊಂಡು.

ಎಂಟು ಗಂಟೆಗೆ ಮೇಲ್ವಿಚಾರಕರು ನೀರು ಕೇಳುತ್ತಾರೆ. ಇವತ್ತು ಆಗುವುದಿಲ್ಲ ಎಂದು ತಾಳಪ್ಪ ಹೇಳುತ್ತಾರೆ. ಬಾಲ್ಕನಿಗಳಿಂದ ತೊಂಬತ್ತು ಜನರಲ್ಲಿ ಅರ್ಧದಷ್ಟು ಜನ ಬಗ್ಗಿ ಗೊಣಗುತ್ತಾರೆ. ಇಸ್ತ್ರಿ ಅಂಗಿಯವರು ಯಾವ ಸುದ್ದಿಯೂ ತಿಳಿಯದೆ ಮುಂಬಾಗಿಲಿನಿಂದ ಹೊರಟು ಹೋಗಿದ್ದಾರೆ. ಆಸ್ಪತ್ರೆಗೆ ಹೋಗಿ ತೋರಿಸಿ ಎಂದರೆ, "ಹೋಗ್ತೀನಿ, ತಾಳಿ" ಎನ್ನುತ್ತಾರೆ ತಾಳಪ್ಪ. ಅವರು ಗೋಡೆಗೊರಗಿ, ಆಕೆ ನಲವತ್ತು ಅಡಿ ಹಗ್ಗವನ್ನು ಮೊಣಕೈಗೆ ಸುತ್ತುವುದನ್ನೇ ನೋಡುತ್ತಿದ್ದಾರೆ.

"ನಾಳೆಯಿಂದ ನೀನು ಬೇಡ," ಎನ್ನುತ್ತಾರೆ.

"ಗೊತ್ತು," ಎನ್ನುತ್ತಾರೆ ಆಕೆ. ಸುತ್ತಿದ ಹಗ್ಗಕ್ಕೆ ಗಂಟು ಹಾಕಿ, ಉರುಳಿ ಹೋಗಿದ್ದ ಕಲ್ಲನ್ನು ಹುಡುಕಿ ತಂದು ಅವರ ಚೀಲದಲ್ಲಿಟ್ಟು, ಬುತ್ತಿಯ ಡಬ್ಬಿಯನ್ನು ಅವರ ಪಕ್ಕದಲ್ಲೇ ಇಟ್ಟುಕೊಂಡು ಬಿಚ್ಚುತ್ತಾರೆ. ಆರು ವರ್ಷದಲ್ಲಿ ಮೊದಲ ಸಲ.

ಮುಂದೇನು ಎಂಬ ಯೋಚನೆ ತಾಳಪ್ಪನವರಿಗೆ ಆಗಲೇ ಹತ್ತಿದೆ. ನಾಡಿದ್ದು ಒಂದು ಆಸ್ಪತ್ರೆಯ ಸಂಪು, ಅದರಾಚೆ ಶಾಲೆಯದು, ಒಪ್ಪಿಕೊಂಡಾಗಿದೆ. ಮನೆಯಲ್ಲಿ ಹೇಳಿದರೆ ಹೆಂಡತಿ ತಾನೇ ಬಂದು ನಿಲ್ಲುತ್ತೇನೆ ಎನ್ನುತ್ತಾರೆ, ಅದು ಆಗದ ಮಾತು. ನಿಮಗೆ ಏನಾದರೂ ಬೇಕೇ, ಯಾರಿಗಾದರೂ ಹೇಳಿ ಏನಾದರೂ ಮಾಡಿಸಬಹುದೇ ಎಂದು ಕೇಳಿದರೆ ಅವರು ಬಹಳ ಹೊತ್ತು ತಾಳಿ, ಆಮೇಲೆ ಹೇಳುತ್ತಾರೆ.

"ಮೇಲೆ ನಿಲ್ಲೋಕೆ ಒಬ್ಬರು ಬೇಕು. ಇದ್ದವಳು ಒಬ್ಬಳೇ, ಅವಳೂ ಈಗ ಆಗಲ್ಲ. ನನ್ನ ಕಂಡ್ರೆ ಆಗದೋರು ಯಾರಾದ್ರೂ ಗೊತ್ತಿದ್ರೆ ಹೇಳಿ."